ಹೊಗೆ ತಪಾಸಣೆ ಮತ್ತು ಗ್ಯಾರೇಜು ನಿರೀಕ್ಷಕರ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕೆಲಸಕ್ಕೆ ಸೇರಬೇಕೆಂದಿರುವವರು, ಗ್ಯಾರೇಜು ನಡೆಸುವವರು, ರಿಪೇರಿ ಬಿಲ್ಲು ಕೈಯಲ್ಲಿ ಹಿಡಿದು ತಲೆ ಕೆರೆದುಕೊಳ್ಳುವ ವಾಹನ ಮಾಲೀಕರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಹುದ್ದೆಯ ಹೆಸರು, ಇಲಾಖೆ, ಅಧಿಕಾರದ ವ್ಯಾಪ್ತಿ ಒಂದೊಂದು ದೇಶದಲ್ಲಿ ಒಂದೊಂದು ಬಗೆ. ಕೆಲಸದ ಒಳಗುಟ್ಟು ಮಾತ್ರ ಎಲ್ಲೆಡೆ ಹೆಚ್ಚುಕಡಿಮೆ ಒಂದೇ.

ದಿನವಿಡೀ ಗಾಡಿಗಳ ಹೊಗೆ ಅಳೆಯುವುದೇ ನಿಮ್ಮ ಕೆಲಸವೇ?

ಅಲ್ಲ. ಹೊಗೆ ಅಳೆಯಲು ಪರವಾನಗಿ ಪಡೆದ ಕೇಂದ್ರಗಳಿವೆ, ಅಲ್ಲಿ ತರಬೇತಿ ಪಡೆದ ತಂತ್ರಜ್ಞರಿದ್ದಾರೆ. ಅವರು ಅಳೆದದ್ದು ನಿಜವೇ ಎಂದು ನೋಡುವುದು ನಿರೀಕ್ಷಕರ ಕೆಲಸ. ಸರ್ಕಾರವೇ ಪರೀಕ್ಷಾ ಕೇಂದ್ರ ನಡೆಸುವ ಕಡೆ ನಿರೀಕ್ಷಕರೇ ಸೈಲೆನ್ಸರ್ ಕೊಳವೆಗೆ ಪ್ರೋಬ್ (ಹೊಗೆಯನ್ನು ಯಂತ್ರಕ್ಕೆ ಎಳೆದುಕೊಳ್ಳುವ ನಳಿಕೆ) ತೂರಿಸುವುದೂ ಉಂಟು. ಆದರೆ ಖಾಸಗಿಯವರಿಗೆ ವಹಿಸಿ, ಅವರ ಮೇಲೆ ಸರ್ಕಾರ ಕಣ್ಣಿಡುವ ಪದ್ಧತಿ ಅನೇಕ ದೇಶಗಳಲ್ಲಿ ಬೇರೂರಿದೆ. ಬ್ರಿಟನ್ನಿನಲ್ಲಿ 1960ರಲ್ಲಿ ಶುರುವಾದ ಎಂಒಟಿ ಎಂಬ ಕಡ್ಡಾಯ ವಾಹನ ಪರೀಕ್ಷೆ ಇಂದಿಗೂ ಬಹುಪಾಲು ನಡೆಯುವುದು ಖಾಸಗಿ ಗ್ಯಾರೇಜುಗಳಲ್ಲೇ.

ಹಾಗಾಗಿ ನಮ್ಮ ಮೇಜಿನ ಮೇಲೆ ಗಾಡಿಗಿಂತ ದಾಖಲೆಯೇ ಹೆಚ್ಚು: ಯಾರು ಪರೀಕ್ಷಿಸಿದರು, ಯಾವ ಯಂತ್ರದಲ್ಲಿ, ಎಷ್ಟು ಹೊತ್ತಿಗೆ, ಯಾವ ಗಾಡಿಯನ್ನು. ಎಂಜಿನ್ನಿನ ಸದ್ದು ಕೇಳುತ್ತ ಕಾಲ ಕಳೆಯಬಹುದೆಂದು ಬಂದವರಿಗೆ ಮೊದಲ ತಿಂಗಳಲ್ಲೇ ನಿರಾಸೆಯಾಗುತ್ತದೆ.

ಹೊಗೆಯೇ ಬೇರೆ, ರಿಪೇರಿಯೇ ಬೇರೆ. ಎರಡನ್ನೂ ಒಬ್ಬರ ಹೆಗಲಿಗೆ ಹೊರಿಸಿದ್ದೇಕೆ?

ತಪಾಸಣೆಯಲ್ಲಿ ನಪಾಸಾದ ಗಾಡಿ ಮುಂದೆ ಹೋಗುವುದು ಗ್ಯಾರೇಜಿಗೇ. ಅಲ್ಲಿ ಸರಿಯಾಗಿ ರಿಪೇರಿಯಾಗದಿದ್ದರೆ ತಪಾಸಣೆ ಮಾಡಿಯೂ ಗಾಳಿ ಶುದ್ಧವಾಗುವುದಿಲ್ಲ, ಮಾಲೀಕನ ದುಡ್ಡು ಮಾತ್ರ ಹೋಗುತ್ತದೆ. ಇನ್ನೊಂದು ತೊಡಕೂ ಇದೆ. ತಪಾಸಣೆ ಮಾಡುವ ಅಂಗಡಿಯೇ ರಿಪೇರಿಯನ್ನೂ ಮಾಡುವುದಾದರೆ, ಸರಿಯಿರುವ ಗಾಡಿಯನ್ನೂ ನಪಾಸು ಮಾಡುವ ಆಸೆ ಹುಟ್ಟಬಹುದು. ಕ್ಯಾಲಿಫೋರ್ನಿಯಾದಲ್ಲಿ ವಾಹನ ರಿಪೇರಿ ಕಾಯ್ದೆ ಬಂದದ್ದು 1971ರಲ್ಲಿ. ರಿಪೇರಿ ಅಂಗಡಿಗಳನ್ನು ನೋಡಿಕೊಳ್ಳಲೆಂದು ಹುಟ್ಟಿದ ಬ್ಯೂರೋಗೇ 1984ರಲ್ಲಿ ಹೊಗೆ ತಪಾಸಣೆಯ ಯೋಜನೆಯನ್ನೂ ಒಪ್ಪಿಸಲಾಯಿತು. ಎರಡನ್ನೂ ಬೇರೆ ಬೇರೆ ಇಲಾಖೆಗಳಿಗೆ ಹಂಚಿರುವ ದೇಶಗಳಲ್ಲಿ ಒಂದರ ಕಡತ ಇನ್ನೊಂದಕ್ಕೆ ತಲುಪುವಷ್ಟರಲ್ಲಿ ಅಂಗಡಿಯ ಬೋರ್ಡೇ ಬದಲಾಗಿರುತ್ತದೆ.

ಮೆಕ್ಯಾನಿಕ್ ಆಗಿದ್ದವರಿಗೆ ಮಾತ್ರ ಈ ಕೆಲಸ ಸಿಗುತ್ತದೆಯೇ?

ನಿಯಮ ಎಲ್ಲ ಕಡೆ ಒಂದೇ ಥರ ಇಲ್ಲ. ಕೆಲವೆಡೆ ಆಟೊಮೊಬೈಲ್ ಅಥವಾ ಮೆಕ್ಯಾನಿಕಲ್ ಎಂಜಿನಿಯರಿಂಗ್ ಡಿಪ್ಲೊಮಾ ಕೇಳುತ್ತಾರೆ, ಕೆಲವೆಡೆ ಗ್ಯಾರೇಜಿನಲ್ಲಿ ದುಡಿದ ವರ್ಷಗಳನ್ನು ಲೆಕ್ಕ ಹಾಕುತ್ತಾರೆ, ಎರಡನ್ನೂ ಕೇಳುವವರಿದ್ದಾರೆ. ನನ್ನನ್ನು ಕೇಳಿದರೆ, ಕೈಗೆ ಗ್ರೀಸ್ ಹತ್ತಿಸಿಕೊಂಡವರೇ ವಾಸಿ. ಹೊಗೆ ಕೊಳವೆಯಲ್ಲಿ ಕೂತು ಆಕ್ಸಿಜನ್ ಅಳೆಯುವ ಆಕ್ಸಿಜನ್ ಸೆನ್ಸರನ್ನು ಒಮ್ಮೆಯಾದರೂ ಸ್ವತಃ ಬಿಚ್ಚಿದವರಿಗೆ ಅದು ತುಕ್ಕು ಹಿಡಿದಾಗ ಎಷ್ಟು ಹಟ ಮಾಡುತ್ತದೆ ಎಂಬುದು ಗೊತ್ತು. ಹತ್ತು ನಿಮಿಷದ ಕೆಲಸಕ್ಕೆ ಒಂದೂವರೆ ಗಂಟೆಯ ಕೂಲಿ ಹಾಕಿದ ಮೆಕ್ಯಾನಿಕ್ ಸುಳ್ಳು ಹೇಳುತ್ತಿಲ್ಲ ಎಂಬುದೂ ಅವರಿಗೇ ಹೊಳೆಯುವುದು.

ಆದರೆ ಕೈಚಳಕವೊಂದೇ ಸಾಲದು. ಒಳ್ಳೆಯ ಮೆಕ್ಯಾನಿಕ್‌ಗಳಲ್ಲಿ ಅನೇಕರು ಬರೆಯಲು ಕೂತರೆ ತಡವರಿಸುತ್ತಾರೆ. ಇಲ್ಲಿ ಅರ್ಧ ದಿನ ಹೋಗುವುದು ಬರವಣಿಗೆಯಲ್ಲೇ. ‘ಪಾರ್ಟು ಹಳೆಯದು ಅನ್ನಿಸಿತು’ ಎಂದು ಬರೆದ ವರದಿ ಕಸದ ಬುಟ್ಟಿಗೆ ಸೇರುತ್ತದೆ. ‘ಬೋಲ್ಟಿನ ತಲೆಯ ಮೇಲೆ ಸ್ಪ್ಯಾನರ್ ಬಿದ್ದ ಗುರುತಿಲ್ಲ, ತುಕ್ಕು ಬೋಲ್ಟಿನಿಂದ ಫ್ಲ್ಯಾಂಜಿನವರೆಗೆ ಒಂದೇ ಪದರವಾಗಿ ಹಬ್ಬಿದೆ’ ಎಂದು ಬರೆದರೆ ಅದು ನಿಲ್ಲುತ್ತದೆ.

ಅನಿಲ ವಿಶ್ಲೇಷಕದ ಅಂಕಿಗಳನ್ನು ಓದುವುದು ಹೇಗೆ?

ಪೆಟ್ರೋಲ್ ಗಾಡಿಯ ಹೊಗೆಯಲ್ಲಿ ಮುಖ್ಯವಾಗಿ ಐದು ಅನಿಲಗಳನ್ನು ನೋಡುತ್ತೇವೆ: ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್, ಕಾರ್ಬನ್ ಡೈಆಕ್ಸೈಡ್, ಆಕ್ಸಿಜನ್ ಮತ್ತು ನೈಟ್ರೋಜನ್ ಆಕ್ಸೈಡುಗಳು. ಹೊಸಬರು ಮಿತಿ ಮೀರಿದ ಒಂದೇ ಅಂಕಿಯನ್ನು ಹಿಡಿದು ಕೂರುತ್ತಾರೆ. ಐದನ್ನೂ ಒಟ್ಟಿಗೆ ಓದಿದರೆ ಎಂಜಿನ್ ತಾನಾಗಿಯೇ ಕಥೆ ಬಿಚ್ಚುತ್ತದೆ.

ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಒಂದು ಭಾಗ ಇಂಧನಕ್ಕೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಆ ಪ್ರಮಾಣವನ್ನು ಲ್ಯಾಂಬ್ಡಾ 1 ಎನ್ನುತ್ತೇವೆ. ಕಾರ್ಬನ್ ಮಾನಾಕ್ಸೈಡ್ ಹೆಚ್ಚಿ ಆಕ್ಸಿಜನ್ ಸೊನ್ನೆಗೆ ಇಳಿದಿದ್ದರೆ ಪೆಟ್ರೋಲ್ ಅತಿಯಾಗಿ ಹೋಗುತ್ತಿದೆ. ಹೈಡ್ರೋಕಾರ್ಬನ್ ಹೆಚ್ಚಿ, ಆಕ್ಸಿಜನ್ ಕೂಡ ಹೆಚ್ಚಿ, ಕಾರ್ಬನ್ ಮಾನಾಕ್ಸೈಡ್ ಮಾತ್ರ ಸುಮ್ಮನಿದ್ದರೆ ಯಾವುದೋ ಸಿಲಿಂಡರಿನಲ್ಲಿ ಕಿಡಿ ಹತ್ತುತ್ತಿಲ್ಲ. ಇಂಧನ, ಗಾಳಿ ಎರಡೂ ಉರಿಯದೆ ಹೊರಗೆ ಬರುತ್ತಿವೆ. ಕಾರ್ಬನ್ ಡೈಆಕ್ಸೈಡ್ ಶೇ 13ರಿಂದ 15ರ ನಡುವೆ ಇದ್ದರೆ ದಹನ ಚೆನ್ನಾಗಿದೆ ಎಂದರ್ಥ.

ಈಗ ನಿರೀಕ್ಷಕರಿಗೆ ಬೇಕಾದ ಮಾತು. ಎಲ್ಲ ಮಾಲಿನ್ಯಗಳೂ ಕಡಿಮೆ ಇವೆ, ಜೊತೆಗೆ ಕಾರ್ಬನ್ ಡೈಆಕ್ಸೈಡ್ ಕೂಡ ಕುಸಿದಿದೆ, ಆಕ್ಸಿಜನ್ ಏರಿದೆ ಎಂದರೆ ಖುಷಿಪಡಬೇಡಿ. ಅದು ಚೊಕ್ಕ ಎಂಜಿನ್ ಅಲ್ಲ, ಹೊಗೆಗೆ ಹೊರಗಿನ ಗಾಳಿ ಬೆರೆತಿದೆ. ಪ್ರೋಬ್ ಅನ್ನು ಕೊಳವೆಯ ಬಾಯಲ್ಲಿ ಸುಮ್ಮನೆ ತಗುಲಿಸಿದ್ದಾರೆ, ಇಲ್ಲವೇ ಸೈಲೆನ್ಸರ್ ತೂತಾಗಿದೆ. ಕಾರ್ಬನ್ ಮಾನಾಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್ ಎರಡೂ ಸೇರಿ ಶೇ 6ಕ್ಕಿಂತ ಕಡಿಮೆ ಬಂದರೆ ಪರೀಕ್ಷೆಯನ್ನೇ ಒಪ್ಪದ ಯಂತ್ರಗಳಿವೆ. ಒಪ್ಪುವ ಯಂತ್ರಗಳೂ ಇವೆ ಎನ್ನುವುದೇ ತಲೆನೋವು.

ಗಾಡಿ ನಿಂತಲ್ಲೇ ಪಾಸಾಗುತ್ತದೆ, ರೋಲರ್ (ಚಕ್ರಗಳ ಕೆಳಗೆ ತಿರುಗುವ ಉರುಳೆ) ಮೇಲೆ ಓಡಿಸಿದರೆ ನಪಾಸು. ಹೀಗೇಕೆ?

ನೈಟ್ರೋಜನ್ ಆಕ್ಸೈಡುಗಳು ಎಂಜಿನ್ನಿನ ಒಳಗೆ ತಾಪ ತುಂಬಾ ಏರಿದಾಗ ಮಾತ್ರ ಹೇರಳವಾಗಿ ಹುಟ್ಟುತ್ತವೆ. ನ್ಯೂಟ್ರಲ್‌ನಲ್ಲಿ ಸುಮ್ಮನೆ ಉರಿಯುವ ಎಂಜಿನ್ನಿಗೆ ಭಾರವಿಲ್ಲ, ಆ ತಾಪ ಬರುವುದಿಲ್ಲ. ರೋಲರ್ ಮೇಲೆ ಭಾರ ಕೊಟ್ಟು ಓಡಿಸಿದಾಗ ಬಂಡವಾಳ ಬಯಲಾಗುತ್ತದೆ.

ಡೀಸೆಲ್ ಗಾಡಿಗೆ ಅದೇ ಯಂತ್ರ ಸಾಲದೇ?

ಸಾಲದು. ಡೀಸೆಲ್‌ನಲ್ಲಿ ಮುಖ್ಯವಾಗಿ ಅಳೆಯುವುದು ಮಸಿಯನ್ನು. ಎಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರನ್ನು ಒಂದೇ ಸಲ ಪೂರ್ತಿ ತುಳಿದು, ಹೊಗೆಯ ಮೂಲಕ ಬೆಳಕು ಎಷ್ಟು ತಡೆಯಲ್ಪಡುತ್ತದೆ ಎಂದು ನೋಡುತ್ತಾರೆ. ತುಳಿಯುವ ಮುನ್ನ ಟೈಮಿಂಗ್ ಬೆಲ್ಟಿನ ಸ್ಥಿತಿ ಮತ್ತು ಎಂಜಿನ್ ಆಯಿಲ್ ಮಟ್ಟವನ್ನು ವಿಚಾರಿಸಿಕೊಳ್ಳದ ಕೇಂದ್ರವನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೆಲ್ಟ್ ತುಂಡಾದರೆ ಎಂಜಿನ್ನೇ ಹಾಳು.

ಹೊಸ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಅದು ಒಳಗೆ ಬಿರುಕು ಬಿಟ್ಟರೂ ಹಳೆಯ ಹೊಗೆಮಾಪಕ ಸೊನ್ನೆಯ ಹತ್ತಿರವೇ ತೋರಿಸುತ್ತದೆ, ಏಕೆಂದರೆ ಆ ಉಪಕರಣ ಕಣ್ಣಿಗೆ ಕಾಣುವ ದಟ್ಟ ಹೊಗೆಯ ಕಾಲದ್ದು. ಇದಕ್ಕಾಗಿಯೇ ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಜರ್ಮನಿ ಕಣಗಳನ್ನೇ ಎಣಿಸುವ ಯಂತ್ರಗಳಿಗೆ ಬದಲಾದವು. ಜರ್ಮನಿಯಲ್ಲಿ 2023ರ ಜುಲೈನಿಂದ ಯುರೋಪಿನ ಮಾಲಿನ್ಯ ಮಾನದಂಡವಾದ ಯೂರೊ 6ರ ಡೀಸೆಲ್ ಗಾಡಿಗಳಿಗೆ ಘನ ಸೆಂಟಿಮೀಟರಿಗೆ 2,50,000 ಕಣಗಳ ಮಿತಿ ಇದೆ. ಆ ಅಂಕಿ ದೊಡ್ಡದೆನಿಸಬಹುದು. ಫಿಲ್ಟರ್ ಕಿತ್ತೆಸೆದ ಗಾಡಿ ಅದರ ಎಷ್ಟೋ ಪಟ್ಟು ಉಗುಳುತ್ತದೆ.

ಈಗ ಒಬಿಡಿ ಇದೆಯಲ್ಲ, ಕೊಳವೆಗೆ ಪ್ರೋಬ್ ಹಾಕುವ ಅಗತ್ಯವೇನು?

ಒಬಿಡಿ ಎಂದರೆ ಗಾಡಿ ತನ್ನ ದೋಷವನ್ನು ತಾನೇ ಪತ್ತೆಹಚ್ಚಿ ಬರೆದಿಡುವ ವ್ಯವಸ್ಥೆ. ಅಮೆರಿಕದಲ್ಲಿ 1996ರ ಮಾದರಿಯಿಂದ ಕಾರುಗಳಿಗೆ ಇದರ ಎರಡನೆಯ ಪೀಳಿಗೆ ಕಡ್ಡಾಯವಾಯಿತು, ಬೇರೆ ದೇಶಗಳು ಒಂದೊಂದಾಗಿ ಹಿಂದೆ ಬಂದವು. ಹದಿನಾರು ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದರೆ ಹೊಗೆಯ ವಿಷಾನಿಲಗಳನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸೋತಿದೆ (ಪಿ0420), ಕಿಡಿ ತಪ್ಪುತ್ತಿದೆ (ಪಿ0300), ಪೆಟ್ರೋಲ್ ಆವಿ ಸೋರುತ್ತಿದೆ (ಪಿ0455) ಎಂಬಿತ್ಯಾದಿ ಸಂಕೇತಗಳು ಸಿಗುತ್ತವೆ. ಕೊಳವೆಯ ಪರೀಕ್ಷೆ ಆ ಒಂದು ನಿಮಿಷದ ಹೊಗೆಯನ್ನಷ್ಟೇ ನೋಡುತ್ತದೆ, ಒಬಿಡಿ ವಾರಗಟ್ಟಲೆ ಓಡಾಟವನ್ನು ನೋಡಿರುತ್ತದೆ. ಟ್ಯಾಂಕಿನಿಂದ ಸೋರುವ ಆವಿ ಕೊಳವೆಯಲ್ಲಿ ಕಾಣುವುದೇ ಇಲ್ಲ.

ಹಾಗೆಂದು ಅದನ್ನೇ ನಂಬಿ ಕೂರಲಾಗದು. ಗಾಡಿಯ ಕಂಪ್ಯೂಟರ್ ಏನು ಹೇಳಬೇಕೆಂದು ಅದಕ್ಕೆ ಯಾರೋ ಬರೆದುಕೊಟ್ಟಿದ್ದಾರೆ, ಬರೆದದ್ದನ್ನು ತಿದ್ದುವವರೂ ಇದ್ದಾರೆ. ಜರ್ಮನಿ ಕೆಲವು ವರ್ಷ ಹೊಸ ಗಾಡಿಗಳಿಗೆ ಒಬಿಡಿ ಸಾಕು ಎಂದಿತ್ತು. 2018ರಿಂದ ಮತ್ತೆ ಎಲ್ಲ ಗಾಡಿಗಳಿಗೂ ಕೊಳವೆಯ ಅಳತೆಯನ್ನು ಕಡ್ಡಾಯ ಮಾಡಿತು. ನನಗೆ ಅದೇ ಸರಿ ಎನಿಸುತ್ತದೆ.

ಎಂಜಿನ್ ದೀಪ ಉರಿಯುತ್ತಿತ್ತು, ಸ್ಕ್ಯಾನರಿನಲ್ಲಿ ಅಳಿಸಿಕೊಂಡು ತಪಾಸಣೆಗೆ ಹೋದರೆ ತಿಳಿಯುತ್ತದೆಯೇ?

ತಿಳಿಯುತ್ತದೆ. ಸಂಕೇತ ಅಳಿಸಿದ ಕೂಡಲೇ ಗಾಡಿಯ ಸ್ವಯಂಪರೀಕ್ಷೆಗಳೆಲ್ಲ ‘ಇನ್ನೂ ಮುಗಿದಿಲ್ಲ’ ಎಂಬ ಸ್ಥಿತಿಗೆ ಮರಳುತ್ತವೆ. ಅಳಿಸಿದ ಮೇಲೆ ಎಷ್ಟು ದೂರ ಓಡಿದೆ, ಎಷ್ಟು ಸಲ ಎಂಜಿನ್ ಬಿಸಿಯಾಗಿದೆ ಎಂಬ ಲೆಕ್ಕವನ್ನೂ ಅನೇಕ ಗಾಡಿಗಳು ಇಟ್ಟುಕೊಂಡಿರುತ್ತವೆ. ಇತ್ತೀಚಿನ ಹಲವು ಮಾದರಿಗಳಲ್ಲಿ ಶಾಶ್ವತ ಸಂಕೇತಗಳಿವೆ, ಅವು ಸ್ಕ್ಯಾನರಿಗೂ ಬಗ್ಗುವುದಿಲ್ಲ, ಬ್ಯಾಟರಿ ಬಿಚ್ಚಿದರೂ ಹೋಗುವುದಿಲ್ಲ. ದೋಷ ನಿಜಕ್ಕೂ ಸರಿಹೋಗಿದೆ ಎಂದು ಗಾಡಿಗೇ ಮನವರಿಕೆಯಾದ ಮೇಲಷ್ಟೇ ಅಳಿಯುತ್ತವೆ.

ಪ್ರಾಮಾಣಿಕವಾಗಿ ರಿಪೇರಿ ಮಾಡಿಸಿದವರಿಗೂ ಇದರಿಂದ ಒಂದು ಕಿರಿಕಿರಿ. ಸ್ವಯಂಪರೀಕ್ಷೆ ಮುಗಿಯಲು ಕೆಲವು ದಿನ ಹದವಾಗಿ ಓಡಿಸಬೇಕು. ಆವಿ ಸೋರಿಕೆಯ ಪರೀಕ್ಷೆಗಂತೂ ಗಾಡಿ ರಾತ್ರಿಯಿಡೀ ತಣ್ಣಗೆ ನಿಂತಿರಬೇಕು, ಟ್ಯಾಂಕು ತೀರ ಖಾಲಿಯೂ ಇರಬಾರದು, ತುಂಬಿ ತುಳುಕಲೂ ಬಾರದು. ಗ್ಯಾರೇಜಿನಿಂದ ನೇರ ತಪಾಸಣೆಗೆ ಹೋಗಿ ವಾಪಸು ಬಂದವರು ಮೆಕ್ಯಾನಿಕ್‌ಗೆ ಬೈಯುತ್ತಾರೆ. ಪಾಪ, ಅವನ ತಪ್ಪು ಏನೂ ಇರುವುದಿಲ್ಲ, ಮೊದಲೇ ಹೇಳಿ ಕಳಿಸಬಹುದಿತ್ತು ಎಂಬುದೊಂದನ್ನು ಬಿಟ್ಟರೆ.

ಹಾಂ, ದೀಪ ಮಿಟುಕುತ್ತಿದ್ದರೆ ಯಾವ ತಪಾಸಣೆಗೂ ಕಾಯಬೇಡಿ. ಕಿಡಿ ತಪ್ಪಿದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದರ್ಥ.

ತಪಾಸಣಾ ಕೇಂದ್ರಗಳು ಮೋಸ ಮಾಡುವುದು ಹೇಗೆ? ನೀವು ಹಿಡಿಯುವುದು ಹೇಗೆ?

ಹಳೆಯ ವಿದ್ಯೆ ಸರಳ: ಕೊಳಕು ಗಾಡಿಯ ಸಂಖ್ಯೆ ನಮೂದಿಸಿ, ಪಕ್ಕದಲ್ಲಿ ನಿಂತ ಚೊಕ್ಕ ಗಾಡಿಯ ಕೊಳವೆಗೆ ಪ್ರೋಬ್ ಹಾಕುವುದು. ಒಬಿಡಿ ಬಂದ ಮೇಲೆ ಚೊಕ್ಕ ಗಾಡಿಯ ಸಾಕೆಟ್ಟಿಗೆ ವೈರು ಚುಚ್ಚುವುದು ಶುರುವಾಯಿತು. ಆಮೇಲೆ ಗಾಡಿಯೇ ಬೇಡವೆಂದು, ಗಾಡಿಯಂತೆ ಉತ್ತರ ಕೊಡುವ ಸಣ್ಣ ಡಬ್ಬಿಗಳು ಮಾರುಕಟ್ಟೆಗೆ ಬಂದವು.

ಇವನ್ನು ಹಿಡಿಯುವುದು ಸ್ಥಳದಲ್ಲಲ್ಲ, ಕಚೇರಿಯಲ್ಲಿ. ಒಂದು ಕೇಂದ್ರದ ದಿನದ ದಾಖಲೆಗಳನ್ನು ಸಾಲಾಗಿ ಹಾಕಿಕೊಳ್ಳಿ. ಪ್ರತಿ ಮಾದರಿಯ ಕಾರಿಗೂ ಒಂದು ಮಾತಿನ ಧಾಟಿ ಇರುತ್ತದೆ: ಯಾವ ಸಂವಹನ ಪದ್ಧತಿಯಲ್ಲಿ ಉತ್ತರಿಸುತ್ತದೆ, ಎಷ್ಟು ಬಗೆಯ ಮಾಹಿತಿ ಕೊಡುತ್ತದೆ, ತನ್ನ ಚಾಸಿಸ್ ಸಂಖ್ಯೆಯನ್ನು ತಾನೇ ಹೇಳುತ್ತದೆಯೇ. ಒಂದೇ ತಯಾರಕರ ಒಂದೇ ವರ್ಷದ ಒಂದೇ ಎಂಜಿನ್ನಿನ ಗಾಡಿಗಳೆಲ್ಲ ಬಹುತೇಕ ಒಂದೇ ರೀತಿ ಉತ್ತರಿಸುತ್ತವೆ. ಈಗ ಬೇರೆ ಬೇರೆ ತಯಾರಕರ, ಬೇರೆ ಬೇರೆ ವರ್ಷಗಳ ಆರು ಗಾಡಿಗಳು ಸಾಲಾಗಿ ಬಂದು ಆರೂ ಅಷ್ಟೇ ಬಗೆಯ ಮಾಹಿತಿ, ಅದೇ ಪದ್ಧತಿ, ಚಾಸಿಸ್ ಸಂಖ್ಯೆಯ ಜಾಗದಲ್ಲಿ ಖಾಲಿ ಎಂದು ಬಂದಿದ್ದರೆ? ಆರು ಗಾಡಿಗಳೂ ಒಂದೇ ಬಾಯಲ್ಲಿ ಮಾತಾಡಿವೆ, ಅಂದರೆ ಉತ್ತರ ಕೊಟ್ಟದ್ದು ಒಂದೇ ಡಬ್ಬಿ. ಅದರ ಜೊತೆ ಸಮಯವನ್ನೂ ನೋಡಿ. ಎಂಜಿನ್ ಬಿಸಿ ಮಾಡಿ, ಅಳೆದು, ಗಾಡಿ ಹೊರಗೆ ತೆಗೆದು, ಇನ್ನೊಂದನ್ನು ಒಳಗೆ ತರಲು ಬೇಕಾಗುವಷ್ಟು ಹೊತ್ತು ಎರಡು ಪ್ರಮಾಣಪತ್ರಗಳ ನಡುವೆ ಇದೆಯೇ? ಊಟದ ಹೊತ್ತಿನಲ್ಲಿ ಬಾಗಿಲು ಮುಚ್ಚಿದ ಅಂಗಡಿಯಲ್ಲಿ ಪರೀಕ್ಷೆ ನಡೆದಿದೆಯೇ?

ಇಷ್ಟು ಕೈಗೆ ಬಂದ ಮೇಲೆ ಸ್ಥಳಕ್ಕೆ ಹೋಗುವುದು. ಅಲ್ಲಿಯೂ ಮೊದಲು ನೋಡುವುದು ಯಂತ್ರವನ್ನಲ್ಲ, ಅದರ ಪಕ್ಕದ ಅನಿಲ ಸಿಲಿಂಡರನ್ನು. ವಿಶ್ಲೇಷಕವನ್ನು ಆಗಾಗ ಗೊತ್ತಾದ ಪ್ರಮಾಣದ ಅನಿಲದಿಂದ ಸರಿಹೊಂದಿಸಬೇಕು. ಸಿಲಿಂಡರಿನ ಚೀಟಿಯಲ್ಲಿ ಒಂದು ಅಂಕಿ ಇರುತ್ತದೆ, ಯಂತ್ರಕ್ಕೆ ಉಣಿಸಿದ ಅಂಕಿ ಅದೇ ಆಗಿರಬೇಕು. ಎರಡೂ ಬೇರೆಯಾದರೆ ಆ ಯಂತ್ರ ಎಲ್ಲ ಗಾಡಿಗಳಿಗೂ ಒಂದೇ ಪ್ರಮಾಣದಲ್ಲಿ ಸುಳ್ಳು ಹೇಳುತ್ತಿರುತ್ತದೆ, ತಂತ್ರಜ್ಞ ಬೆರಳೂ ಅಲುಗಿಸಬೇಕಿಲ್ಲ. ಚೀಟಿಯ ಫೋಟೊ, ಯಂತ್ರದ ಪರದೆಯ ಫೋಟೊ, ಎರಡೂ ಒಂದೇ ಚೌಕಟ್ಟಿನಲ್ಲಿ ಇರಲಿ.

ಗುಟ್ಟಾಗಿ ಗಾಡಿ ಕಳಿಸಿ ಗ್ಯಾರೇಜುಗಳನ್ನು ಸಿಕ್ಕಿಸುವುದು ನ್ಯಾಯವೇ?

ಗ್ಯಾರೇಜಿನವರು ಈ ಪ್ರಶ್ನೆಯನ್ನು ಕೋಪದಿಂದಲೇ ಕೇಳುತ್ತಾರೆ, ಕೋಪಕ್ಕೆ ಕಾರಣವೂ ಇದೆ. ಪದ್ಧತಿ ಹೀಗೆ: ಒಂದು ಗಾಡಿಯನ್ನು ಇಲಾಖೆಯ ಶೆಡ್ಡಿನಲ್ಲಿ ಪೂರ್ತಿ ಪರಿಶೀಲಿಸಿ, ಗೊತ್ತಿರುವ ಒಂದೇ ದೋಷವನ್ನು ಇಟ್ಟು, ಬಿಡಿಭಾಗಗಳಿಗೆ ಕಣ್ಣಿಗೆ ಬೀಳದ ಗುರುತು ಹಾಕಿ, ಸಾಮಾನ್ಯ ಗಿರಾಕಿಯಂತೆ ಅಂಗಡಿಗೆ ಒಯ್ಯುತ್ತಾರೆ. ಗಾಡಿ ವಾಪಸು ಬಂದ ಮೇಲೆ ಬಿಲ್ಲಿನ ಸಾಲಿಗೂ ಗಾಡಿಯ ಒಳಗಿನ ಸಾಮಾನಿಗೂ ತಾಳೆ ನೋಡುತ್ತಾರೆ.

ಗಿರಾಕಿಯಾಗಿ ಹೋದವರು ಏನನ್ನೂ ಪುಸಲಾಯಿಸಬಾರದು. ‘ಹೇಗಾದರೂ ಪಾಸು ಮಾಡಿಕೊಡಿ, ದುಡ್ಡಿನ ಚಿಂತೆ ಬೇಡ’ ಎಂದು ನಮ್ಮವರೇ ಹೇಳಿದರೆ ಪ್ರಕರಣ ಅಲ್ಲಿಗೇ ಮುಗಿಯಿತು, ಮುಗಿಯಬೇಕು ಕೂಡ. ‘ಗಾಡಿ ಅಲುಗುತ್ತಿದೆ, ನೋಡಿ’ ಎಂದಷ್ಟೇ ಹೇಳಿ ಸುಮ್ಮನಿರುವುದು. ಉಳಿದದ್ದು ಅಂಗಡಿಯವರ ನಡತೆ. ಇಟ್ಟ ದೋಷವೂ ನ್ಯಾಯವಾಗಿರಬೇಕು. ಪಳಗಿದ ಮೆಕ್ಯಾನಿಕ್‌ಗೂ ಗೊಂದಲವಾಗುವಂಥ ದೋಷ ಇಟ್ಟು ‘ತಪ್ಪು ಹೇಳಿದ’ ಎಂದು ಬರೆಯುವುದು ಬೇಟೆಯಾಗುತ್ತದೆ, ತಪಾಸಣೆಯಾಗುವುದಿಲ್ಲ.

ರಿಪೇರಿಯಲ್ಲಿ ಮೋಸವಾಗಿದೆ ಎಂದು ದೂರು ಕೊಟ್ಟರೆ ಏನು ಮಾಡುತ್ತೀರಿ?

ಮೊದಲು ಕಾಗದ ಕೇಳುತ್ತೇವೆ: ಕೆಲಸಕ್ಕೆ ಮುಂಚೆ ಕೊಟ್ಟ ಅಂದಾಜು, ನೀವು ಒಪ್ಪಿದ್ದಕ್ಕೆ ಪುರಾವೆ, ಕೊನೆಯ ಬಿಲ್ಲು. ಆಮೇಲೆ ಗಾಡಿ. ಮಧ್ಯದಲ್ಲಿ ಬೇರೆ ಗ್ಯಾರೇಜಿಗೆ ಒಯ್ದು ಬಿಚ್ಚಿಸಿದ್ದರೆ ಅರ್ಧ ಸಾಕ್ಷ್ಯ ಅಲ್ಲೇ ಹೋಯಿತು. ದಯವಿಟ್ಟು ಬಿಚ್ಚಿಸಬೇಡಿ. ಸಿಟ್ಟಿನಲ್ಲಿ ಹಳೆಯ ಸಾಮಾನು ಎಸೆಯಲೂ ಬೇಡಿ.

ಉದಾಹರಣೆಗೆ ಬಿಲ್ಲಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಒಂದು, ಆಕ್ಸಿಜನ್ ಸೆನ್ಸರ್ ಎರಡು ಬದಲಾಯಿಸಿದ್ದಾರೆಂದು ಇದೆ ಎನ್ನಿ. ಗಾಡಿಯನ್ನು ಲಿಫ್ಟಿಗೆ ಏರಿಸಿ ಟಾರ್ಚು ಹಿಡಿಯುತ್ತೇವೆ. ಕನ್ವರ್ಟರಿನ ಮೈ ಹೊಳೆಯುತ್ತಿದೆ, ಬೆಸುಗೆಯ ಸುತ್ತ ಬಿಸಿಗೆ ಬಣ್ಣ ತಿರುಗಿದ ಗುರುತು ಹೊಸದು. ಅದು ನಿಜ. ಮುಂದಿನ ಸೆನ್ಸರಿನ ತಿರುಪಿನ ಎಳೆಗಳ ಬುಡದಲ್ಲಿ ಹೊಸ ಸೆನ್ಸರುಗಳ ಜೊತೆ ಬರುವ ಪೇಸ್ಟಿನ ಅಂಚು ಕಾಣುತ್ತಿದೆ. ಅದೂ ನಿಜ. ಹಿಂದಿನ ಸೆನ್ಸರಿನ ವೈರಿನ ಮೇಲೆ ಮಾತ್ರ ರಸ್ತೆಯ ಕೆಸರು ಒಣಗಿ ಗಟ್ಟಿಯಾಗಿದೆ, ಪ್ಲಗ್ಗಿನ ಕೊಂಡಿಯವರೆಗೂ ಬಿರುಕಿಲ್ಲದ ಒಂದೇ ಪದರ. ಆ ಕೊಂಡಿಯನ್ನು ಬಿಚ್ಚದೆ ಸೆನ್ಸರ್ ಬದಲಾಯಿಸಲು ಸಾಧ್ಯವೇ ಇಲ್ಲ. ಅಲ್ಲಿಗೆ ಒಂದು ಸಾಲು ಸುಳ್ಳಾಯಿತು. ಆಮೇಲೆ ಅಂಗಡಿಯವರು ಬಿಡಿಭಾಗ ಖರೀದಿಸಿದ ರಸೀದಿ ಕೇಳುತ್ತೇವೆ. ಅದರಲ್ಲಿ ಸೆನ್ಸರ್ ಒಂದೇ ಇದ್ದರೆ ಮಾತು ಬೆಳೆಸುವ ಅಗತ್ಯವಿರುವುದಿಲ್ಲ.

ಮೂರರಲ್ಲಿ ಎರಡು ನಿಜ ಎಂಬುದನ್ನೂ ವರದಿಯಲ್ಲಿ ಬರೆಯಬೇಕು. ಬರೆಯದ ನಿರೀಕ್ಷಕರನ್ನು ನಾನು ನಂಬುವುದಿಲ್ಲ.

ತಪ್ಪು ಪಾರ್ಟು ಬದಲಾಯಿಸಿದರೆ ಅದು ಮೋಸವೇ?

ಎಲ್ಲ ಸಲವೂ ಅಲ್ಲ. ಪಿ0420 ಬಂದ ಕೂಡಲೇ ಕನ್ವರ್ಟರ್ ಬದಲಾಯಿಸುವ ಅಭ್ಯಾಸ ಗ್ಯಾರೇಜುಗಳಲ್ಲಿದೆ. ಆ ಸಂಕೇತ ಹೇಳುವುದು ಕನ್ವರ್ಟರಿನ ಕಾರ್ಯಕ್ಷಮತೆ ಕುಸಿದಂತೆ ಕಾಣುತ್ತಿದೆ ಎಂದಷ್ಟೇ. ಹೊಗೆ ಕೊಳವೆಯ ಸೋರಿಕೆಯೂ ಹಾಗೆ ತೋರಿಸಬಹುದು, ಸೆನ್ಸರ್ ಕೂಡ. ಕನ್ವರ್ಟರ್ ನಿಜವಾಗಿಯೇ ಸತ್ತಿದ್ದರೂ ಅದನ್ನು ಕೊಂದದ್ದು ಉರಿಯದ ಪೆಟ್ರೋಲೋ ಸುಡುವ ಆಯಿಲೋ ಆಗಿದ್ದು, ಅದನ್ನು ಸರಿಪಡಿಸದೆ ಹೊಸದನ್ನು ಹಾಕಿದರೆ ಹೊಸದೂ ಸಾಯುತ್ತದೆ. ಇದು ಅರೆಬರೆ ಕೆಲಸ. ಮಾಡದ ಪರೀಕ್ಷೆಗೆ ದುಡ್ಡು ತೆಗೆದುಕೊಂಡದ್ದು, ಹಾಕದ ಸಾಮಾನನ್ನು ಬಿಲ್ಲಿಗೆ ಸೇರಿಸಿದ್ದು, ಹಳೆಯದನ್ನು ತೊಳೆದು ಹೊಸದೆಂದು ಕೊಟ್ಟದ್ದು, ಇವು ಮೋಸ. ಮೊದಲನೆಯದಕ್ಕೆ ತರಬೇತಿ, ಎಚ್ಚರಿಕೆ, ಹಣ ವಾಪಸಾತಿಯ ಮಾತುಕತೆ. ಎರಡನೆಯದಕ್ಕೆ ನೋಟಿಸು. ಇವೆರಡರ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದರಲ್ಲೇ ಈ ಹುದ್ದೆಯವರ ಅನುಭವ ಕಾಣುವುದು.

ನನ್ನ ಹಣ ವಾಪಸು ಕೊಡಿಸುತ್ತೀರಾ?

ಸಾಮಾನ್ಯವಾಗಿ ಇಬ್ಬರನ್ನೂ ಮಾತಿಗೆ ಕೂರಿಸುತ್ತೇವೆ, ಅನೇಕ ದೂರುಗಳು ಅಲ್ಲೇ ಬಗೆಹರಿಯುತ್ತವೆ. ಪರವಾನಗಿ ಅಮಾನತು ಮಾಡುವುದು ಇಲಾಖೆಯ ಕೈಯಲ್ಲಿರಬಹುದು, ನಷ್ಟ ಕಟ್ಟಿಕೊಡಿಸುವುದು ಬಹುತೇಕ ಕಡೆ ನ್ಯಾಯಾಲಯದ ಅಥವಾ ಗ್ರಾಹಕ ವೇದಿಕೆಯ ಕೆಲಸ. ನಿಮ್ಮ ಪರ ವಕೀಲರಂತೆ ನಿರೀಕ್ಷಕರು ವಾದಿಸುತ್ತಾರೆಂದು ನಿರೀಕ್ಷಿಸಬೇಡಿ.

ಲಂಚದ ಆಮಿಷ ಬರುತ್ತದೆಯೇ?

ಬರುತ್ತದೆ. ನೋಟಿನ ಕಟ್ಟಾಗಿ ಬರುವುದು ಅಪರೂಪ. ನಿಮ್ಮ ಸ್ವಂತ ಗಾಡಿಯ ಸರ್ವಿಸ್‌ಗೆ ಬಿಲ್ಲು ಬೇಡ ಎನ್ನುತ್ತಾರೆ, ಟೈರು ಸವೆದಿದೆಯಲ್ಲ ಎಂದು ಕಾಳಜಿ ತೋರಿಸುತ್ತಾರೆ. ನಿಮ್ಮ ವ್ಯಾಪ್ತಿಯ ಯಾವ ಗ್ಯಾರೇಜಿನಲ್ಲೂ ಸ್ವಂತ ಗಾಡಿ ರಿಪೇರಿ ಮಾಡಿಸದಿರುವುದೇ ಇದಕ್ಕೆ ಮದ್ದು. ದೂರ ಹೋಗಬೇಕಾಗುತ್ತದೆ, ಹೋಗಿ. ಭೇಟಿಗೆ ಇಬ್ಬರು ಹೋಗುವುದು, ಹೋದ ಹೊತ್ತನ್ನು ಅಲ್ಲೇ ಬರೆಯುವುದು, ಚಹಾವನ್ನೂ ನಯವಾಗಿ ಬೇಡ ಎನ್ನುವುದು ರೂಢಿಯಾಗಲಿ.

ನಂಟರ ಗಾಡಿ ಪಾಸು ಮಾಡಿಸಿಕೊಡಿ ಎಂಬ ಕೋರಿಕೆ ಮಾತ್ರ ನಿವೃತ್ತಿಯವರೆಗೂ ನಿಲ್ಲುವುದಿಲ್ಲ.

ಫೋಕ್ಸ್‌ವ್ಯಾಗನ್ ಹಗರಣ ನಿಮ್ಮಂಥ ನಿರೀಕ್ಷಕರ ಕಣ್ಣಿಗೆ ಏಕೆ ಬೀಳಲಿಲ್ಲ?

ಬೀಳುವಂತಿರಲಿಲ್ಲ. ಆ ಡೀಸೆಲ್ ಕಾರುಗಳ ತಂತ್ರಾಂಶ ತಾನು ಪರೀಕ್ಷೆಯಲ್ಲಿದ್ದೇನೆಂದು ಗುರುತಿಸುತ್ತಿತ್ತು. ಸ್ಟಿಯರಿಂಗ್ ಅಲುಗದೆ ಚಕ್ರ ಮಾತ್ರ ತಿರುಗುತ್ತಿದ್ದರೆ ಅದು ರೋಲರ್ ಮೇಲೆ ಇದೆ ಎಂದು ಊಹಿಸಿ ಶಿಸ್ತಿನಿಂದ ವರ್ತಿಸುತ್ತಿತ್ತು, ರಸ್ತೆಗಿಳಿದರೆ ನೈಟ್ರೋಜನ್ ಆಕ್ಸೈಡುಗಳು ಮಿತಿಯ 40 ಪಟ್ಟಿನವರೆಗೂ ಏರುತ್ತಿದ್ದವು. ಒಬಿಡಿಯಲ್ಲಿ ದೋಷವಿಲ್ಲ, ಏಕೆಂದರೆ ತಂತ್ರಾಂಶದ ಲೆಕ್ಕದಲ್ಲಿ ಎಲ್ಲವೂ ಅಂದುಕೊಂಡಂತೆಯೇ ನಡೆಯುತ್ತಿತ್ತು. ಸುಳಿವು ಸಿಕ್ಕಿದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಅಳತೆಯ ಉಪಕರಣವನ್ನು ಕಾರಿನಲ್ಲೇ ಹೇರಿಕೊಂಡು ರಸ್ತೆಯಲ್ಲಿ ಓಡಿಸಿದಾಗ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2015ರ ಸೆಪ್ಟೆಂಬರ್ 18ರಂದು ನೋಟಿಸು ಕೊಟ್ಟಿತು, ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಗಾಡಿಗಳಲ್ಲಿ ಆ ತಂತ್ರಾಂಶವಿದೆ ಎಂದು ಕಂಪನಿ ಒಪ್ಪಿಕೊಂಡಿತು.

ಯಂತ್ರದ ಉತ್ತರವನ್ನು ಯಂತ್ರವನ್ನೇ ಕೇಳಿ ಖಚಿತಪಡಿಸಿಕೊಳ್ಳಬಾರದು ಎಂದು ಹೊಸಬರಿಗೆ ಹೇಳುವಾಗ ನಾನು ಇದನ್ನೇ ಮುಂದಿಡುತ್ತೇನೆ. ನಾವು ಹಿಡಿಯುವ ಸಣ್ಣ ಡಬ್ಬಿಯೂ ಇದೇ ಜಾತಿಯದು.

ಆರೋಗ್ಯಕ್ಕೆ ಅಪಾಯವಿದೆಯೇ?

ಇದೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು ಬಂತೆಂದರೆ ಆಗಲೇ ತಡವಾಗಿದೆ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ವರ್ಗೀಕರಿಸಿತು. ಹೊಗೆ ಹೀರುವ ಪೈಪು ಕೆಟ್ಟಿರುವ, ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಪರೀಕ್ಷೆ ನಡೆಯುತ್ತಿದ್ದರೆ ಒಳಗೆ ಕಾಲಿಡಬೇಡಿ, ಮೊದಲು ಬಾಗಿಲು ತೆಗೆಸಿ. ಹೈಬ್ರಿಡ್ ಗಾಡಿಗಳಲ್ಲಿ ಹೆಚ್ಚು ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬಾರದು. ಅವುಗಳ ಎಂಜಿನ್ ನಿಂತಿದೆ ಎಂದುಕೊಂಡು ಬಾನೆಟ್ಟಿನೊಳಗೆ ಕೈ ಹಾಕಿದಾಗಲೇ ಅದು ತಾನಾಗಿ ಚಾಲೂ ಆಗಬಹುದು.

ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆಯೇ?

ಪರವಾನಗಿ ರದ್ದತಿಯ ಪ್ರಕರಣಗಳಲ್ಲಿ ಹೋಗಲೇಬೇಕು. ಪಾಟಿಸವಾಲಿನಲ್ಲಿ ಎದುರು ವಕೀಲರು ಎಂಜಿನ್ನಿನ ಬಗ್ಗೆ ಕೇಳುವುದು ಕಡಿಮೆ. ಮಹಜರು ಎಷ್ಟು ಹೊತ್ತಿಗೆ ಬರೆದಿರಿ, ಗುರುತು ಹಾಕಿದ ಪಾರ್ಟು ಆ ರಾತ್ರಿ ಯಾರ ಬೀಗದಲ್ಲಿತ್ತು, ನಿಮ್ಮ ಸ್ವಂತ ವಿಶ್ಲೇಷಕವನ್ನು ಕೊನೆಯ ಸಲ ಸರಿಹೊಂದಿಸಿದ್ದು ಯಾವಾಗ? ಕೊನೆಯ ಪ್ರಶ್ನೆಗೆ ಕಾಗದವಿಲ್ಲದಿದ್ದರೆ ಉಳಿದ ಉತ್ತರಗಳೆಲ್ಲ ವ್ಯರ್ಥ. ಬೇರೆಯವರ ಯಂತ್ರಕ್ಕೆ ಕೇಳುವ ಲೆಕ್ಕವನ್ನು ನಮ್ಮ ಯಂತ್ರಕ್ಕೂ ಕೇಳುತ್ತಾರೆ, ಕೇಳಲೇಬೇಕು.

ಸಂಬಳ ಹೇಗೆ?

ಸರ್ಕಾರಿ ಸಂಬಳ. ಕೈ ಚುರುಕಾದ, ಸ್ವಂತ ಅಂಗಡಿಯಿರುವ ಮೆಕ್ಯಾನಿಕ್ ನಿಮಗಿಂತ ಹೆಚ್ಚು ದುಡಿಯುತ್ತಾನೆ.

ಎಲೆಕ್ಟ್ರಿಕ್ ಗಾಡಿಗಳು ಬಂದ ಮೇಲೆ ಈ ಹುದ್ದೆ ಉಳಿಯುತ್ತದೆಯೇ?

ಹೊಗೆ ಕೊಳವೆಯೇ ಇಲ್ಲದ ಗಾಡಿಗೆ ಪ್ರೋಬ್ ಎಲ್ಲಿ ಹಾಕುವುದು, ನಿಜ. ಆದರೆ ಇಂದು ಮಾರಾಟವಾದ ಪೆಟ್ರೋಲ್ ಗಾಡಿ ಇನ್ನೂ ಎಷ್ಟೋ ವರ್ಷ ರಸ್ತೆಯಲ್ಲಿರುತ್ತದೆ, ಹಳೆಯದಾದಷ್ಟೂ ಹೆಚ್ಚು ಹೊಗೆ ಬಿಡುತ್ತದೆ. ಬ್ರೇಕು ಮತ್ತು ಟೈರು ಸವೆದು ಏಳುವ ಧೂಳು ಎಲೆಕ್ಟ್ರಿಕ್ ಗಾಡಿಗೂ ತಪ್ಪಿದ್ದಲ್ಲ. ಯುರೋಪಿನ ಯೂರೊ 7 ನಿಯಮ ಬ್ರೇಕಿನ ಧೂಳಿಗೂ ಮಿತಿ ಹಾಕಿದೆ. ರಿಪೇರಿಯ ಕಡೆ ಕೆಲಸ ಇನ್ನೂ ಕಠಿಣವಾಗಲಿದೆ. ಕನ್ವರ್ಟರ್ ಬದಲಾಗಿದೆಯೇ ಎಂದು ಟಾರ್ಚಿನಲ್ಲಿ ನೋಡಬಹುದು. ಬ್ಯಾಟರಿ ಪೆಟ್ಟಿಗೆಯೊಳಗೆ ಒಂದು ಮಾಡ್ಯೂಲ್ ಬದಲಾಯಿಸಿ ಪೂರ್ತಿ ಬ್ಯಾಟರಿಯ ಬಿಲ್ಲು ಹಾಕಿದರೆ ಅದನ್ನು ಬಿಚ್ಚಿ ನೋಡಲು ಬೇರೆಯೇ ತರಬೇತಿ, ಬೇರೆಯೇ ಕೈಗವಸು ಬೇಕು. ಈಗ ಸೇರುವವರು ವಿದ್ಯುತ್ ಸುರಕ್ಷತೆಯ ತರಬೇತಿಯನ್ನು ಇಲಾಖೆ ಕೊಡುವವರೆಗೂ ಕಾಯದೆ ಪಡೆದುಕೊಳ್ಳುವುದು ಒಳ್ಳೆಯದು.

ಮೊದಲ ದಿನ ಚೀಲದಲ್ಲಿ ಏನಿರಬೇಕು?

ಒಳ್ಳೆಯ ಟಾರ್ಚು. ಉದ್ದ ಹಿಡಿಯ ಪುಟ್ಟ ಕನ್ನಡಿ, ಎಂಜಿನ್ನಿನ ಹಿಂಭಾಗದ ಬೋಲ್ಟು ನೋಡಲು. ಒಂದು ಆಯಸ್ಕಾಂತ, ಪುಟ್ಟಿ ತುಂಬಿ ಬಣ್ಣ ಬಳಿದ ಜಾಗ ಪತ್ತೆಗೆ. ಅಳಿಸಲಾಗದ ಮಸಿಯ ಪೆನ್ನು, ಪಾರ್ಟುಗಳಿಗೆ ಕಟ್ಟುವ ಚೀಟಿ, ಪುಟಗಳಿಗೆ ಅಂಕಿ ಹಾಕಿದ ಹೊಲಿಗೆಯ ಪುಸ್ತಕ. ಬಿಡಿ ಹಾಳೆಯಲ್ಲಿ ಬರೆಯಬೇಡಿ, ಒಂದು ಹಾಳೆ ಕಳೆದರೂ ವಕೀಲರು ಅದನ್ನೇ ಕೇಳುತ್ತಾರೆ. ಸ್ಕ್ಯಾನರನ್ನು ಇಲಾಖೆ ಕೊಡುತ್ತದೆ. ಅದರ ತಂತ್ರಾಂಶ ನವೀಕರಿಸಿದ್ದಾರೆಯೇ ಎಂದು ಹೊರಡುವ ಮುಂಚೆ ನೋಡಿಕೊಳ್ಳಿ.